ಜೀಪು ಹಳೆಯದಿರಲಿ, ಜಾಡೂ ಹಳೆಯದೇ ಇರಲಿ

ಮುಂಗಾರಿನ ಎರಡು ಹದವಾದ ಮಳೆ ಬಿದ್ದರೆ ಸಾಕು, ಸಂಡೂರಿನ ಬೆಟ್ಟಸಾಲು ಬಣ್ಣ ಬದಲಿಸುತ್ತದೆ. ಕೆಂಪು ಮಣ್ಣಿನ ಮೇಲೆ ಹುಲ್ಲು ಚಿಗುರುತ್ತದೆ, ನಾರಿಹಳ್ಳಕ್ಕೆ ನೀರು ಬರುತ್ತದೆ, ಮೋಡಗಳು ರಾಮನದುರ್ಗದ ನೆತ್ತಿಯವರೆಗೂ ಇಳಿಯುತ್ತವೆ. ಇದೇ ಹೊತ್ತಿನಲ್ಲಿ ಎರಡು ಬಗೆಯ ಜೀಪುಗಳು ಬೆಟ್ಟ ಏರುತ್ತವೆ. ಮೊದಲನೆಯದು ಬೆಟ್ಟದೂರಿನವರ ಹಳೆಯ ಜೀಪು. ರೇಷನ್ ಅಕ್ಕಿ, ಗೊಬ್ಬರದ ಚೀಲ, ಬಾಣಂತಿ, ಕಾಯಿಲೆಯವರು, ಜಾತ್ರೆಗೆ ಹೊರಟವರು ಎಲ್ಲರನ್ನೂ ಹೊರುವ ಗಾಡಿ ಅದು. ಎರಡನೆಯದೂ ಅಷ್ಟೇ ಹಳೆಯದು. ಆದರೆ ಅದರ ಮೈಯನ್ನು ಎತ್ತರಿಸಲಾಗಿದೆ, ದಪ್ಪ ಟೈರು ತೊಡಿಸಲಾಗಿದೆ, ತಲೆಯ ಮೇಲೆ ಸಾಲು ದೀಪ, ಮುಂದೆ ಕಬ್ಬಿಣದ ಗಾರ್ಡು. ರಜಾದಿನಗಳಲ್ಲಿ ಕಾಣಿಸಿಕೊಳ್ಳುವ ಗಾಡಿ ಅದು. ಮೊದಲನೆಯದು ಇರುವ ಜಾಡಿನ ಮೇಲೆ ಹೋಗಿ ಇರುವ ಜಾಡಿನಲ್ಲೇ ಮರಳುತ್ತದೆ. ಎರಡನೆಯದು ಜಾಡಿಲ್ಲದ ಇಳಿಜಾರನ್ನೇ ಹುಡುಕಿಕೊಂಡು ಹೋಗುತ್ತದೆ. ನೋಡುವವರಿಗೆ ಇದು ಸಣ್ಣ ವ್ಯತ್ಯಾಸ. ಬೆಟ್ಟದ ಮಣ್ಣಿನ ಪಾಲಿಗೆ ಬಹು ದೊಡ್ಡದು.

ಹಳೆಯ ಜೀಪನ್ನು ದೂರುವುದು ಈ ಲೇಖನದ ಉದ್ದೇಶವಲ್ಲ. ಹಳೆಯದನ್ನು ಎಸೆದು ಹೊಸದನ್ನು ಕೊಳ್ಳಿರೆಂದು ದಿನವೂ ಉಪದೇಶಿಸುವ ಮಾರುಕಟ್ಟೆಯ ನಡುವೆ, ಇಪ್ಪತ್ತು ಮೂವತ್ತು ವರ್ಷದ ಯಂತ್ರವೊಂದನ್ನು ದುರಸ್ತಿ ಮಾಡಿಕೊಂಡು ಓಡಿಸುವ ಕುಟುಂಬ ಒಂದು ಬಗೆಯಲ್ಲಿ ಪರಿಸರದ ಕೆಲಸವನ್ನೇ ಮಾಡುತ್ತಿದೆ. ಲೆಕ್ಕ ಸರಳವಾಗಿದೆ. ಊದುಕುಲುಮೆಯಲ್ಲಿ ಒಂದು ಟನ್ ಉಕ್ಕು ತಯಾರಿಸಲು ಸುಮಾರು ಒಂದೂವರೆ ಟನ್ ಕಬ್ಬಿಣದ ಅದಿರು ಬೇಕು. ಜೊತೆಗೆ ಕಲ್ಲಿದ್ದಲು, ಸುಣ್ಣದಕಲ್ಲು, ನೀರು. ಆ ಅದಿರು ದೂರದ ಯಾವುದೋ ದೇಶದಿಂದ ಬರಬೇಕಾಗಿಲ್ಲ. ತೋರಣಗಲ್ಲಿನ ಕುಲುಮೆಗಳಿಗೆ ಅದಿರು ಕೊಟ್ಟದ್ದು ಇವೇ ಬೆಟ್ಟಗಳು. ಒಂದು ಜೀಪು ಇನ್ನೂ ಹತ್ತು ವರ್ಷ ಬಾಳಿದರೆ ಅಷ್ಟು ಅದಿರು ಬೆಟ್ಟದಲ್ಲೇ ಉಳಿಯುತ್ತದೆ. ಹಳೆಯ ಡೀಸೆಲ್ ಎಂಜಿನ್ನು ಹೊಸದಕ್ಕಿಂತ ಹೆಚ್ಚು ಹೊಗೆ ಉಗುಳುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಪಂಪು, ನಾಜಲ್‌ಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿ, ಗಾಳಿ ಶೋಧಕವನ್ನು ಶುಚಿಯಾಗಿಟ್ಟರೆ ಆ ಹೊಗೆಯನ್ನು ಬಹುಮಟ್ಟಿಗೆ ಇಳಿಸಬಹುದು. ಹೊಗೆ ತಪಾಸಣೆಯ ಚೀಟಿಯನ್ನು ದಂಡದ ಭಯಕ್ಕೆಂದು ಇಟ್ಟುಕೊಂಡರೆ ಸಾಲದು, ಅದರಲ್ಲಿರುವ ಅಂಕಿಯನ್ನೂ ಓದಬೇಕು.

ಹಾಗಾದರೆ ತೊಂದರೆ ಎಲ್ಲಿದೆ? ದುರಸ್ತಿ ಮತ್ತು ಮಾರ್ಪಾಡು ಎಂಬ ಎರಡು ಬೇರೆ ಬೇರೆ ಕೆಲಸಗಳು ಒಂದೇ ಎಂಬಂತೆ ಬೆರೆತುಹೋಗಿರುವುದರಲ್ಲಿದೆ. ದುರಸ್ತಿಯೆಂದರೆ ತಯಾರಕರು ಕೊಟ್ಟ ಗುಣವನ್ನು ಕಾಪಾಡುವುದು. ಮಾರ್ಪಾಡೆಂದರೆ ಅವರು ಕೊಡದಿದ್ದ ಗುಣವನ್ನು ಸೇರಿಸಹೋಗಿ, ಕೊಟ್ಟಿದ್ದ ಗುಣವೊಂದನ್ನು ಕಳೆದುಕೊಳ್ಳುವುದು.

ಮೈ ಎತ್ತರಿಸುವುದನ್ನೇ ತೆಗೆದುಕೊಳ್ಳಬಹುದು. ಹಳೆಯ ಜೀಪಿನ ಪಟ್ಟಿ ಸ್ಪ್ರಿಂಗುಗಳಿಗೆ ಇನ್ನೊಂದೆರಡು ಪಟ್ಟಿ ಸೇರಿಸಿ, ಇಲ್ಲವೇ ಆಕ್ಸಲಿನ ಕೆಳಗಿರುವ ಸ್ಪ್ರಿಂಗನ್ನು ಮೇಲಕ್ಕೆ ಕೂರಿಸಿ ಗಾಡಿಯನ್ನು ಎತ್ತರಿಸುವುದುಂಟು. ಎಡಬಲ ಚಕ್ರಗಳ ನಡುವೆ 130 ಸೆಂಟಿಮೀಟರ್ ಅಂತರವಿದ್ದು, ಗುರುತ್ವಕೇಂದ್ರ ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳೋಣ. ಕಾಗದದ ಲೆಕ್ಕದ ಪ್ರಕಾರ ಅಂತಹ ಗಾಡಿ ಪಕ್ಕಕ್ಕೆ ಸುಮಾರು 43 ಡಿಗ್ರಿ ವಾಲುವವರೆಗೆ ಉರುಳುವುದಿಲ್ಲ. ಗುರುತ್ವಕೇಂದ್ರವನ್ನು 10 ಸೆಂಟಿಮೀಟರ್ ಎತ್ತರಿಸಿದರೆ ಆ ಮಿತಿ 39 ಡಿಗ್ರಿಗೆ ಇಳಿಯುತ್ತದೆ. ಸ್ಪ್ರಿಂಗು ಬಾಗುವುದು, ಟೈರು ಅದುಮಿಕೊಳ್ಳುವುದು, ತಿರುವಿನ ವೇಗ, ಮೇಲೆ ಕಟ್ಟಿದ ಸಾಮಾನು ಇವೆಲ್ಲ ಸೇರಿದಾಗ ನಿಜವಾದ ಮಿತಿ ಇನ್ನೂ ಕಡಿಮೆ. ಬೆಟ್ಟದ ಅಂಚಿನಲ್ಲಿ ಆ ನಾಲ್ಕು ಡಿಗ್ರಿಯೇ ಮನೆಗೆ ಮರಳುವುದಕ್ಕೂ ಮರಳದಿರುವುದಕ್ಕೂ ನಡುವಿನ ಅಂತರವಾಗಬಹುದು. ಮೈ ಎತ್ತರವಾದಾಗ ಪ್ರೊಪೆಲ್ಲರ್ ಶಾಫ್ಟು ನಿಲ್ಲುವ ಕೋನವೂ ಬದಲಾಗುತ್ತದೆ. ಅದರ ಕ್ರಾಸ್ ಜಾಯಿಂಟು ಬೇಗ ಸವೆಯುತ್ತದೆ. ಸ್ಟಿಯರಿಂಗಿನ ಕೊಂಡಿಗಳ ಕೋನ ಕೆಟ್ಟು ಮುಂದಿನ ಚಕ್ರಗಳು ನಡುಗತೊಡಗುತ್ತವೆ.

ದೊಡ್ಡ ಟೈರಿನ ಕಥೆಯೂ ಹೀಗೆಯೇ. 28 ಅಂಗುಲ ವ್ಯಾಸದ ಟೈರಿನ ಜಾಗದಲ್ಲಿ 31 ಅಂಗುಲದ್ದನ್ನು ಹಾಕಿದರೆ ಚಕ್ರದ ಸುತ್ತಳತೆ ನೂರಕ್ಕೆ ಸುಮಾರು ಹನ್ನೊಂದರಷ್ಟು ಹೆಚ್ಚುತ್ತದೆ. ಮೀಟರು 60 ಕಿಲೋಮೀಟರ್ ತೋರಿಸುವಾಗ ಗಾಡಿ ವಾಸ್ತವವಾಗಿ 66 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿರುತ್ತದೆ. ಎಂಜಿನ್ನಿಗೆ ಅದೇ ಗೇರಿನಲ್ಲಿ ಹೆಚ್ಚು ಹೊರೆ, ಕ್ಲಚ್ಚಿಗೆ ಹೆಚ್ಚು ಬೇಗೆ. ಬ್ರೇಕು ಮಾತ್ರ ಹಳೆಯದೇ, ಅದೇ ಡ್ರಮ್ಮು. ಏರುವ ಶಕ್ತಿಗಾಗಿ ಹಣ ಸುರಿದವರು ಇಳಿಯುವಾಗ ನಿಲ್ಲುವ ಶಕ್ತಿಯನ್ನು ಕಳೆದುಕೊಂಡಿರುತ್ತಾರೆ.

ಕಾನೂನೂ ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು, ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ನೀಡಿದೆ. ಮುಂಭಾಗಕ್ಕೆ ಕಬ್ಬಿಣದ ಗಾರ್ಡು ಕಟ್ಟುವುದು ಈ ಕಲಮಿನ ಉಲ್ಲಂಘನೆಯೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ತಿಳಿಸಿದೆ. ಆ ಗಾರ್ಡಿಗೆ ಸಿಕ್ಕುವ ಪಾದಚಾರಿಯ ಗತಿಯನ್ನು ನೆನೆದರೆ ಕಾರಣ ಬೇರೆ ಹೇಳಬೇಕಾಗಿಲ್ಲ. ಹದಿನೈದು ವರ್ಷ ತುಂಬಿದ ಖಾಸಗಿ ವಾಹನದ ನೋಂದಣಿಯನ್ನು ತಪಾಸಣೆಯ ಬಳಿಕ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ. ಮೂಲರೂಪದಲ್ಲಿ ಉಳಿದ ಗಾಡಿ ಆ ತಪಾಸಣೆಯನ್ನು ಸುಲಭವಾಗಿ ದಾಟುತ್ತದೆ.

ಮಾರ್ಪಾಡಿಗೆ ಸುರಿಯುವ ಹಣದ ಒಂದು ಪಾಲನ್ನು ನಿರ್ವಹಣೆಗೆ ಕೊಟ್ಟರೆ ಹಳೆಯ ಜೀಪು ಏನು ಮಾಡಬಲ್ಲದು ಎಂಬುದನ್ನು ಬೆಟ್ಟದೂರಿನ ಚಾಲಕರು ಬಲ್ಲರು. ಅದಿರಿನ ಲಾರಿಗಳು ಸಾಲುಗಟ್ಟಿ ಓಡಿದ ಈ ಸೀಮೆಯಲ್ಲಿ ಲೇತು, ವೆಲ್ಡಿಂಗು, ಸ್ಪ್ರಿಂಗ್ ಪಟ್ಟಿ, ರೇಡಿಯೇಟರ್ ಕೆಲಸ ಬಲ್ಲ ಕೈಗಳಿಗೆ ಕೊರತೆಯಿಲ್ಲ. ಹೊಸಪೇಟೆಯ ಗ್ಯಾರೇಜುಗಳಲ್ಲಿರುವ ಈ ಜ್ಞಾನ ಪದವಿಪತ್ರವಿಲ್ಲದ ವಿದ್ಯೆ. ತಯಾರಿಕೆ ನಿಂತುಹೋದ ಮಾದರಿಗಳನ್ನು ಇಂದಿಗೂ ಜೀವಂತವಾಗಿಟ್ಟಿರುವುದು ಆ ವಿದ್ಯೆಯೇ. ಐಟಿಐ ವಿದ್ಯಾರ್ಥಿಗಳು ಅದನ್ನು ಗೌರವದಿಂದ ಕಲಿಯಬೇಕು.

ಈ ಭಾಗದ ಗಾಡಿಯ ಮೊದಲ ಶತ್ರು ಧೂಳು. ಅದಿರಿನ ಕೆಂಪು ಧೂಳು ನುಣುಪಾಗಿದ್ದರೂ ಬಲು ಗಟ್ಟಿ. ಎಂಜಿನ್ನಿನೊಳಗೆ ಹೊಕ್ಕರೆ ಪಿಸ್ಟನ್ನಿನ ರಿಂಗುಗಳನ್ನೂ ಸಿಲಿಂಡರಿನ ಗೋಡೆಯನ್ನೂ ಸಾಣೆ ಹಿಡಿದಂತೆ ಸವೆಸುತ್ತದೆ. ಹಳೆಯ ಜೀಪುಗಳಲ್ಲಿ ಎಣ್ಣೆಬಟ್ಟಲಿನ ಗಾಳಿ ಶೋಧಕವಿದ್ದರೆ ಬಟ್ಟಲಿನ ತಳದಲ್ಲಿ ಕೆಸರು ಕಂಡೊಡನೆ ಎಣ್ಣೆ ಬದಲಿಸಬೇಕು. ಕಾಗದದ ಶೋಧಕವಾದರೆ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಹಾಯಿಸಬೇಕು. ಹೊರಗಿನಿಂದ ಊದಿದರೆ ಧೂಳು ಕಾಗದದ ಒಳಕ್ಕೇ ಸೇರುತ್ತದೆ. ಎರಡನೆಯ ಶತ್ರು ನೀರು. ಹಳ್ಳ ದಾಟಿದ ಮೇಲೆ ಡಿಫರೆನ್ಷಿಯಲ್ ಮತ್ತು ಗೇರು ಪೆಟ್ಟಿಗೆಯ ಎಣ್ಣೆಯನ್ನು ನೋಡಬೇಕು. ಅದು ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆಯೆಂದೇ ಅರ್ಥ. ಒದ್ದೆಯಾದ ಡ್ರಮ್ ಬ್ರೇಕು ಹಿಡಿಯುವುದಿಲ್ಲ. ನೀರಿನಿಂದ ಹೊರಬಂದ ಕೂಡಲೇ ನಿಧಾನವಾಗಿ ಚಲಿಸುತ್ತ ಪೆಡಲನ್ನು ನಾಲ್ಕಾರು ಬಾರಿ ಮೆಲ್ಲಗೆ ಒತ್ತಿ ಅದನ್ನು ಒಣಗಿಸಬೇಕು. ಮಳೆಗಾಲದಲ್ಲಿ ಸ್ಪ್ರಿಂಗಿನ ಕೊಂಡಿಗಳಿಗೂ ಕ್ರಾಸ್ ಜಾಯಿಂಟಿಗೂ ಗ್ರೀಸು ಹಾಕುವ ಅವಧಿಯನ್ನು ಅರ್ಧಕ್ಕಿಳಿಸುವುದು ಲೇಸು. ಬಳ್ಳಾರಿ ಸೀಮೆಯ ಬೇಸಿಗೆ 40 ಡಿಗ್ರಿ ದಾಟುವುದರಿಂದ ರೇಡಿಯೇಟರಿನ ಸಂದುಗಳಲ್ಲಿ ಕೂತ ಕೆಸರನ್ನು ಬೇಸಿಗೆಗೆ ಮುಂಚೆಯೇ ತೊಳೆದುಬಿಡಬೇಕು. ಆದರೆ ತೊಳೆಯುವ ಕೆಲಸ ಹಳ್ಳದಲ್ಲಾಗಲಿ ಕೆರೆಯಲ್ಲಾಗಲಿ ಬೇಡ. ಬದಲಿಸಿದ ಹಳೆಯ ಎಣ್ಣೆಯನ್ನು ಬೇಲಿಯ ಬುಡಕ್ಕೆ ಸುರಿಯುವುದೂ ಬೇಡ.

ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಲಿವರನ್ನು ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಬೇಕಾದ ದಿನ ಅದು ಕೂಡಿಕೊಳ್ಳುವುದಿಲ್ಲ. ತಿಂಗಳಿಗೊಮ್ಮೆ ಸಡಿಲ ಮಣ್ಣಿನ ದಾರಿಯಲ್ಲಿ ಅದನ್ನು ಬಳಸಬೇಕು. ಟಾರು ರಸ್ತೆಯಲ್ಲಿ ಬಳಸಬಾರದು. ಮುಂದಿನ ಮತ್ತು ಹಿಂದಿನ ಚಕ್ರಗಳು ತಿರುವಿನಲ್ಲಿ ಬೇರೆ ಬೇರೆ ದೂರ ಕ್ರಮಿಸುತ್ತವೆ. ಜಾರಲು ಆಸ್ಪದವಿಲ್ಲದ ಟಾರಿನ ಮೇಲೆ ಆ ವ್ಯತ್ಯಾಸವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಏರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬರುವುದು, ಇಳಿಜಾರಿನಲ್ಲಿ ಎಂದೂ ನ್ಯೂಟ್ರಲ್ ಮಾಡದಿರುವುದು, ಚಕ್ರ ಸುತ್ತಿದಲ್ಲೇ ಸುತ್ತತೊಡಗಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಕೆಳಗಿಳಿದು, ಚಕ್ರದಡಿ ಕಲ್ಲನ್ನೋ ಗೋಣಿಯನ್ನೋ ಇಡುವುದು ಹಳೆಯ ಚಾಲಕರ ಪಾಠಗಳು. ಇವಕ್ಕೆ ಬದಲಿಯಾಗಬಲ್ಲ ಬಿಡಿಭಾಗವನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ದುಡ್ಡು ಖರ್ಚಿಲ್ಲದ ಇನ್ನೊಂದು ಉಪಾಯ ಟೈರಿನ ಗಾಳಿ. ಟೈರು ನೆಲವನ್ನು ಒತ್ತುವ ಬಲ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಒಂದು ಚಕ್ರದ ಮೇಲೆ 400 ಕಿಲೋ ಭಾರವಿದ್ದು ಗಾಳಿ 30 ಪಿಎಸ್‌ಐ ಇದ್ದರೆ ಟೈರು ಸುಮಾರು 190 ಚದರ ಸೆಂಟಿಮೀಟರ್ ನೆಲವನ್ನು ಮುಟ್ಟುತ್ತದೆ. ಗಾಳಿಯನ್ನು 20 ಪಿಎಸ್‌ಐಗೆ ಇಳಿಸಿದರೆ ಮುಟ್ಟುವ ನೆಲ ಸುಮಾರು 285 ಚದರ ಸೆಂಟಿಮೀಟರ್, ಅಂದರೆ ಒಂದೂವರೆ ಪಟ್ಟು. ಹಿಡಿತ ಹೆಚ್ಚುತ್ತದೆ, ಮಣ್ಣಿನ ಮೇಲಿನ ಒತ್ತಡ ತಗ್ಗುತ್ತದೆ. ಹೀಗೆ ಗಾಳಿ ಇಳಿಸಿದ ಗಾಡಿಯನ್ನು ಕೆಸರು ಜಾಡಿನಲ್ಲಿ ನಿಧಾನವಾಗಿ ಓಡಿಸಿ, ರಸ್ತೆ ಮುಟ್ಟುವ ಮೊದಲು ಕಾಲುಪಂಪಿನಿಂದ ಮತ್ತೆ ಗಾಳಿ ತುಂಬಬೇಕೆಂಬುದನ್ನು ಮಾತ್ರ ಮರೆಯಬಾರದು.

ಇನ್ನು ಮಣ್ಣಿನ ವಿಚಾರ. ದನಗಳ ಗೊರಸೂ ನೆಲವನ್ನು ಒತ್ತುತ್ತದಲ್ಲವೇ, ಜೀಪಿನ ಮೇಲೇಕೆ ಕೋಪ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಗೊರಸಿನ ಒತ್ತಡ ಟೈರಿನದಕ್ಕಿಂತ ಬಹಳ ಕಡಿಮೆಯೇನಲ್ಲ. ಆದರೆ ಗೊರಸಿನ ಗುರುತು ಬಿಡಿಬಿಡಿಯಾಗಿರುತ್ತದೆ, ದನಗಳ ಹಾದಿ ಇಳಿಜಾರಿಗೆ ಅಡ್ಡಲಾಗಿ ಸುತ್ತಿಕೊಂಡು ಏರುತ್ತದೆ. ಬೆಟ್ಟವನ್ನು ನೆಟ್ಟಗೆ ಏರುವ ಚಕ್ರವಾದರೋ ತುದಿಯಿಂದ ಬುಡದವರೆಗೆ ಎಲ್ಲೂ ತುಂಡಾಗದ ಒಂದು ಗೆರೆ ಎಳೆಯುತ್ತದೆ. ರೈತನಿಗೆ ಅದರ ಹೆಸರು ಗೊತ್ತು. ಅದು ಇಳಿಜಾರಿನ ಉದ್ದಕ್ಕೆ ಹೊಡೆದ ಸಾಲು. ಇಳಿಜಾರಿಗೆ ಅಡ್ಡಲಾಗಿ ಉಳಬೇಕೆಂದೂ ಸಮಪಾತಳಿಯ ಬದು ಹಾಕಬೇಕೆಂದೂ ಒಕ್ಕಲುತನದ ಅನುಭವ ಹೇಳುತ್ತದೆ. 1954ರಲ್ಲಿ ಸ್ಥಾಪನೆಯಾದ ಬಳ್ಳಾರಿಯ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರದ ದುಡಿಮೆಯೂ ಓಡುವ ನೀರನ್ನು ನಿಲ್ಲಿಸಿ ಮಣ್ಣನ್ನು ಉಳಿಸುವುದರ ಸುತ್ತಲೇ ನಡೆದಿದೆ. ಹೊಲದಲ್ಲಿ ಯಾರೂ ಮಾಡದ ತಪ್ಪನ್ನು ಬೆಟ್ಟದ ಮೇಲೆ ಮೋಜಿಗಾಗಿ ಮಾಡುವುದು ಎಂತಹ ವಿವೇಕ?

ಮಣ್ಣಿನ ಗಾಯ ಆಗುವುದು ಹೆಚ್ಚಾಗಿ ಮೊದಲ ಓಡಾಟದಲ್ಲೇ. ಒದ್ದೆ ಮಣ್ಣಿನ ಮೇಲೆ ಚಕ್ರ ಒಮ್ಮೆ ಹಾದರೂ ಮಣ್ಣಿನ ಕಣಗಳ ನಡುವಿನ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ನೀರು ಒಳಗಿಳಿಯದೆ ಮೇಲೆಯೇ ಹರಿಯುತ್ತದೆ. ಒಂದೇ ಸಲ ಹೋಗಿ ಬಂದೆವು ಎಂಬ ಸಮಾಧಾನಕ್ಕೆ ಆದ್ದರಿಂದ ಹೆಚ್ಚು ಬೆಲೆಯಿಲ್ಲ. ಎಲ್ಲ ಮಣ್ಣೂ ಒಂದೇ ರೀತಿ ಚೇತರಿಸಿಕೊಳ್ಳುವುದೂ ಇಲ್ಲ. ಕಂಪ್ಲಿ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಗುಣದಿಂದ, ಅದುಮಿಕೊಂಡ ಪದರವನ್ನು ತಾನೇ ಸ್ವಲ್ಪಮಟ್ಟಿಗೆ ಒಡೆದುಕೊಳ್ಳುತ್ತದೆ. ಸಂಡೂರಿನ ಬೆಟ್ಟಗಳ ತೆಳು ಕೆಂಪು ಮಣ್ಣಿಗೆ ಆ ಶಕ್ತಿಯಿಲ್ಲ. ಒತ್ತಿದರೆ ಒತ್ತಿದಂತೆಯೇ ಗಟ್ಟಿಯಾಗಿ ಕೂರುತ್ತದೆ. ಹುಲ್ಲಿನ ಬೇರು ಕಿತ್ತ ಜಾಗದಲ್ಲಿ ಮರುವರ್ಷದ ಮಳೆಗೆ ಕೊರಕಲು, ಅದರ ಮರುವರ್ಷಕ್ಕೆ ಸಣ್ಣ ಹಳ್ಳ. ಅಲ್ಲಿಂದ ಕೊಚ್ಚಿದ ಮಣ್ಣು ನಾರಿಹಳ್ಳಕ್ಕೆ ಇಳಿದು ತಾರಾನಗರದ ಬಳಿಯ ಜಲಾಶಯದಲ್ಲಿ ಹೂಳಾಗಿ ಕೂರುತ್ತದೆ. ಮೇಲಿನವರ ಮೋಜಿನ ಹೂಳನ್ನು ಕೆಳಗಿನವರು ಕುಡಿಯುವ ನೀರಿನಲ್ಲಿ ಕಾಣಬೇಕಾಗುತ್ತದೆ.

ಈ ಬೆಟ್ಟಗಳು ಗಾಯಕ್ಕೆ ಹೊಸತಲ್ಲ. ಗಣಿಗಾರಿಕೆಯ ಅಬ್ಬರದ ವರ್ಷಗಳಲ್ಲಿ ಇಲ್ಲಿ ಏನು ನಡೆಯಿತೆಂಬುದನ್ನು ಲೋಕಾಯುಕ್ತರ 2008 ಮತ್ತು 2011ರ ವರದಿಗಳು ದಾಖಲಿಸಿವೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. 2013ರ ಏಪ್ರಿಲ್ 18ರ ತೀರ್ಪು ಗಣಿಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸಿದುದನ್ನು ಒಪ್ಪಿ, ಪುನಶ್ಚೇತನದ ಯೋಜನೆಗಳನ್ನು ಜಾರಿಗೊಳಿಸುವ ಷರತ್ತಿನ ಮೇಲೆ ಮಾತ್ರ ಗಣಿಗಾರಿಕೆಗೆ ಅವಕಾಶ ನೀಡಿತು. ಕಲ್ಲಿನ ತಡೆಗಳು, ಮಣ್ಣು ಹಿಡಿಯುವ ಹುಲ್ಲು, ಎಳೆಯ ಸಸಿಗಳು ಈ ಯೋಜನೆಗಳ ಜೀವಾಳ. ಬಳಕೆ ನಿಂತ ಅದಿರಿನ ದಾರಿಗಳೂ ಮಣ್ಣಿನ ಗುಡ್ಡೆಗಳೂ ಹೊರಗಿನಿಂದ ಬಂದವರ ಕಣ್ಣಿಗೆ ಖಾಲಿ ಮೈದಾನದಂತೆ ಕಾಣಬಹುದು. ಅವು ಮಾಯುತ್ತಿರುವ ಗಾಯಗಳು. ಹಕ್ಕಳೆ ಕಟ್ಟಿದ ಗಾಯದ ಮೇಲೆ ಚಕ್ರ ಹಾಯಿಸುವುದನ್ನು ಸಾಹಸವೆನ್ನಲಾಗದು. ಈ ಬೆಟ್ಟಗಳ ಬಹಳಷ್ಟು ಭಾಗ ಮೀಸಲು ಅರಣ್ಯ. ಅಲ್ಲಿ ಅನುಮತಿಯಿಲ್ಲದೆ ವಾಹನ ನುಗ್ಗಿಸುವುದು 1963ರ ಕರ್ನಾಟಕ ಅರಣ್ಯ ಕಾಯಿದೆಗೆ ವಿರುದ್ಧ.

ಬೆಟ್ಟ ಇಳಿದರೂ ಎಚ್ಚರಿಕೆ ಸಡಿಲವಾಗುವಂತಿಲ್ಲ. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದ ಬಂಡೆಗಳ ಸಂದಿಗಳು ಕರಡಿಗಳ ಹಗಲಿನ ಮನೆ. ಅಲ್ಲಿ ಪ್ರವೇಶಕ್ಕೆ 1972ರ ವನ್ಯಜೀವಿ ಕಾಯಿದೆಯ ನಿರ್ಬಂಧವಿದೆ. ಹಂಪಿಯ ಬಂಡೆಗುಡ್ಡಗಳ ನಡುವಿನ ಹಿಡಿಮಣ್ಣೇ ಅಲ್ಲಿನ ಕುರುಚಲು ಕಾಡನ್ನು ಸಾಕುತ್ತಿದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಕಾರಣ, ಆನೆಗೊಂದಿಯ ಬಳಿ ವಾಹನಗಳಿಗಾಗಿ ಕಟ್ಟುತ್ತಿದ್ದ ಸೇತುವೆಯೂ ಸೇರಿದಂತೆ ಅಲ್ಲಿ ನಡೆದಿದ್ದ ನಿರ್ಮಾಣಗಳು. ಚಕ್ರದ ಅನುಕೂಲವನ್ನೇ ಮೊದಲು ನೆನೆದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಪಾಠ ಬೇಕಾಗಿಲ್ಲ. ಇಂದು ವಿಠ್ಠಲ ದೇವಾಲಯಕ್ಕೆ ಹೋಗುವವರು ಗೆಜ್ಜಲ ಮಂಟಪದ ಬಳಿ ವಾಹನ ನಿಲ್ಲಿಸಿ ಬ್ಯಾಟರಿ ಗಾಡಿಯಲ್ಲೋ ಕಾಲ್ನಡಿಗೆಯಲ್ಲೋ ಮುಂದುವರಿಯುತ್ತಾರೆ. ಇದರಿಂದ ಯಾರ ಸಂತೋಷಕ್ಕೂ ಕೊರತೆಯಾದಂತಿಲ್ಲ.

ಕಂಪ್ಲಿಯಲ್ಲಿ ಅಪಾಯ ಮನುಷ್ಯನ ಜೀವಕ್ಕೇ ಇದೆ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿಯ ಕಡೆಗೆ ಹೋಗುವ ಅಲ್ಲಿನ ಸೇತುವೆ ಮುಳುಗುತ್ತದೆ. ಎಂಜಿನ್ನಿಗೆ ಗಾಳಿ ಎಳೆಯುವ ಕೊಳವೆಯನ್ನು ಮೇಲ್ಛಾವಣಿಯವರೆಗೆ ಏರಿಸಿದ ಜೀಪು ಇಂತಹ ನೀರನ್ನೂ ದಾಟೀತೆಂಬ ಭ್ರಮೆ ಕೆಲವರಲ್ಲಿದೆ. ಆ ಕೊಳವೆ ಎಂಜಿನ್ನಿಗೆ ನೀರು ಹೊಗದಂತೆ ನೋಡಿಕೊಳ್ಳುತ್ತದೆ. ಗಾಡಿಯನ್ನು ಹೊಳೆ ಒಯ್ಯದಂತೆ ತಡೆಯುವುದಿಲ್ಲ. ಅರವತ್ತು ಸೆಂಟಿಮೀಟರ್ ಆಳದ ಸೆಳವು ಹೆಚ್ಚಿನ ವಾಹನಗಳನ್ನು ಕೊಚ್ಚಿಕೊಂಡು ಹೋಗಬಲ್ಲದು. ಮುಳುಗಿದ ಸೇತುವೆಯ ಮುಂದೆ ಗಾಡಿ ನಿಲ್ಲಿಸಿ ಕಾಯುವವನೇ ನಿಜವಾದ ಚಾಲಕ.

ಹಾಗಿದ್ದರೆ ಬೆಟ್ಟದೂರಿನವರು ಮತ್ತು ವಿದ್ಯಾರ್ಥಿಗಳು ಮಾಡಬಹುದಾದುದೇನು? ಊರಿನ ಜೀಪುಗಳು ಓಡಾಡುವ ಜಾಡುಗಳನ್ನು ಗ್ರಾಮಸಭೆಯಲ್ಲಿ ಗುರುತಿಸಿ, ಅವುಗಳಾಚೆ ವಾಹನ ಇಳಿಯಬಾರದೆಂದು ಠರಾವು ಮಾಡಿ, ಬೆಟ್ಟದ ಬುಡದಲ್ಲಿ ಫಲಕ ಹಾಕಬಹುದು. ಮುಂಗಾರಿಗೆ ಮೊದಲು ಪ್ರತಿ ಜಾಡಿಗೂ ಅಲ್ಲಲ್ಲಿ ಓರೆಯಾಗಿ ಅಡ್ಡಗಾಲುವೆ ತೆಗೆದರೆ ನೀರು ಚಕ್ರದ ಸಾಲಿನಲ್ಲೇ ಹರಿಯದೆ ಪಕ್ಕದ ಹುಲ್ಲಿಗೆ ತಿರುಗುತ್ತದೆ. ಜಾಡು ಉಳಿದರೆ ಹೊಸ ಜಾಡು ಹುಡುಕುವ ಅಗತ್ಯವೇ ಬೀಳದು. ಜೋರು ಮಳೆಯಾದ ಮರುದಿನ ಅವಸರವಿಲ್ಲದ ಓಡಾಟವನ್ನು ಮುಂದೂಡುವುದು ಗಾಡಿಗೂ ಮಣ್ಣಿಗೂ ಹಿತ. ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಮಳೆಗೆ ಮುನ್ನ ಮತ್ತು ಮಳೆಯ ನಂತರ ಗೆರೆ ಗುರುತಿಸಿದ ಕೋಲಿನಿಂದ ಕೊರಕಲುಗಳ ಆಳ ಅಳೆದು ಬರೆದಿಡಲಿ. ಹೊಸದಾಗಿ ಬಿದ್ದ ಚಕ್ರದ ಸಾಲುಗಳಿಗೆ ಅಡ್ಡಲಾಗಿ ಕಲ್ಲು, ಮುಳ್ಳುಕಂಟಿ ಜೋಡಿಸಲಿ. ಮೂರು ವರ್ಷ ತಪ್ಪದೆ ಅಳೆದ ಅಂಕಿಗಳು ಕೈಯಲ್ಲಿದ್ದರೆ ಅರಣ್ಯ ಇಲಾಖೆಯ ಮುಂದಾಗಲಿ ಪಂಚಾಯಿತಿಯ ಮುಂದಾಗಲಿ ಆಡುವ ಮಾತಿಗೆ ತೂಕವಿರುತ್ತದೆ.

ಗಾಡಿಯ ಮೇಲಿನ ಪ್ರೀತಿ ಕೆಟ್ಟದ್ದಲ್ಲ. ಯಂತ್ರದ ಸದ್ದು ಕೇಳಿಯೇ ಅದರ ನೋವು ಹೇಳಬಲ್ಲವರು ಈ ಸೀಮೆಯಲ್ಲಿ ಅನೇಕರಿದ್ದಾರೆ. ಅಂತಹ ಕಿವಿಯನ್ನು ಬೆಟ್ಟಕ್ಕೂ ಕೊಡಬೇಕೆಂಬುದಷ್ಟೇ ಕೋರಿಕೆ. ಜೀಪಿನ ಸವೆದ ಬೇರಿಂಗನ್ನು ಹೊಸಪೇಟೆಯಲ್ಲಿ ಒಂದು ಮಧ್ಯಾಹ್ನದಲ್ಲಿ ಬದಲಿಸಬಹುದು. ಇಳಿಜಾರಿನಿಂದ ಒಮ್ಮೆ ಕೊಚ್ಚಿಹೋದ ಒಂದು ಅಂಗುಲ ಮಣ್ಣು ಮರಳಿ ಕೂಡಬೇಕಾದರೆ ತಲೆಮಾರುಗಳೇ ಕಳೆಯಬೇಕು. ಆ ಬಿಡಿಭಾಗ ಯಾವ ಪೇಟೆಯಲ್ಲೂ ಸಿಕ್ಕುವುದಿಲ್ಲ.